ಹಲ್ಲಾಬೀಡಿನ ಕಲ್ಲಾಚಾರಿ

ಈಚೆಗೆ ಕಂಪ್ಯೂಟರಿನಲ್ಲಿ ಹಳೆಯ ಪುಸ್ತಕವೊಂದರ ಪುಟ ತೆರೆದಾಗ ಅಂಚಿನಲ್ಲೊಂದು ಹೆಬ್ಬೆರಳು ಕಂಡಿತು. ಸ್ಕ್ಯಾನ್ ಮಾಡುವಾಗ ಪುಟ ಒತ್ತಿ ಹಿಡಿದವರದ್ದು. ಉಗುರಿನಲ್ಲಿ ಒಂದಿಷ್ಟು ಅರಿಶಿನದ ಬಣ್ಣ. ಆವತ್ತು ಏನು ಉಂಡಿದ್ದರೋ! ಓದಬೇಕಾದ್ದನ್ನು ಬಿಟ್ಟು ಆ ಬೆರಳನ್ನೇ ನೋಡುತ್ತ ಕೂತೆ. ಹೀಗೆ ತಮಗೇ ತಿಳಿಯದಂತೆ ದಾಖಲೆಯೊಳಗೆ ಸಿಕ್ಕಿಕೊಂಡವರನ್ನು ಕಂಡಾಗಲೆಲ್ಲ ನನಗೆ ರೂಪಾಳ ನೆನಪಾಗುತ್ತದೆ.

ನಾನು ಅರಸೀಕೆರೆಯ ಕಾಲೇಜೊಂದರ ಗ್ರಂಥಪಾಲಕ. ಇತಿಹಾಸದ ವಿದ್ಯಾರ್ಥಿಗಳಿಗೆ ಡಿಜಿಟಲ್ ಸಂಗ್ರಹಗಳಲ್ಲಿ ಹುಡುಕಲು ಹೇಳಿಕೊಡುವ ಕೆಲಸವೂ ನನ್ನದೇ. ಅದು ವಿದ್ವತ್ತಿನಿಂದ ಬಂದದ್ದಲ್ಲ. ಪಾಸ್‌ವರ್ಡ್ ಮರೆಯದವನು ನಾನೊಬ್ಬನೇ ಎಂಬ ಕಾರಣಕ್ಕೆ ಬಂದದ್ದು. ಒಂದೇ ಬೆರಳಲ್ಲಿ ಟೈಪ್ ಮಾಡುತ್ತೇನೆ. ಅದರಿಂದ ಮಕ್ಕಳಿಗೆ ಯೋಚಿಸಲು ಸಮಯ ಸಿಗುತ್ತದೆಂದು ಸಮಾಧಾನ ಮಾಡಿಕೊಂಡಿದ್ದೇನೆ.

ರೂಪಾ ಹಳೇಬೀಡಿನವಳು. ಹಾಸ್ಟೆಲ್ಲಿನಲ್ಲಿದ್ದು ಎಂ.ಎ. ಓದುತ್ತಿದ್ದಳು. ತನ್ನೂರ ದೇವಸ್ಥಾನವನ್ನು ಹಿಂದೆ ದುರಸ್ತಿ ಮಾಡಿದ ಕೆಲಸಗಾರರ ಬಗ್ಗೆ ಪ್ರಬಂಧ ಬರೆಯುತ್ತೇನೆಂದು ಬಂದಳು. ಕಟ್ಟಿಸಿದ ರಾಜರನ್ನು ಬಿಟ್ಟು ಇವರೇಕೆ ಎಂದು ಕೇಳಿದೆ. ಆಗ ನಿಜ ಸಂಗತಿ ಹೊರಬಂತು. ಅವಳ ಅಜ್ಜಿಯ ತಂದೆ ಕಾಳಾಚಾರಿ ಆ ದುರಸ್ತಿಯಲ್ಲಿ ಕಲ್ಲುಕೆಲಸದ ಮೇಸ್ತ್ರಿಯಾಗಿದ್ದರಂತೆ. ಅಜ್ಜಿ ತೊಟ್ಟಿಲಲ್ಲಿದ್ದಾಗಲೇ ಜ್ವರ ಬಂದು ತೀರಿಕೊಂಡರು. ಮನೆಯಲ್ಲಿ ಅವರದೊಂದು ಚಿತ್ರವೂ ಇಲ್ಲ. ಕಲ್ಲಿನ ಚೂರು ಸಿಡಿದು ಅವರ ಎಡ ಹುಬ್ಬು ಸೀಳಿತ್ತೆಂದು ಅಜ್ಜಿಯ ತಾಯಿ ಹೇಳುತ್ತಿದ್ದರು. ಉಳಿದದ್ದು ಆ ಮಾತೊಂದೇ.

"ಅಜ್ಜಿಗೆ ಕಣ್ಣು ಮಂಜಾಗ್ತಾ ಇದೆ ಸರ್. ಅಷ್ಟರೊಳಗೆ ಏನಾದ್ರೂ ಸಿಕ್ಕಿದ್ರೆ ಸಾಕು," ಎಂದಳು.

ಕಡಲಾಚೆಯ ಗ್ರಂಥಾಲಯವೊಂದು ಹಳೆಯ ಛಾಯಾಚಿತ್ರಗಳನ್ನು ಇಂಟರ್ನೆಟ್ಟಿನಲ್ಲಿ ಇಟ್ಟಿದೆ. ಅಲ್ಲಿ ಹಳೇಬೀಡೆಂದು ಹುಡುಕಿದರೆ ನಂದಿ ಬಂತು, ಆನೆಗಳ ಸಾಲು ಬಂತು, ಬಾಗಿಲುವಾಡಗಳು ಬಂದವು, ಮನುಷ್ಯರು ಬರಲಿಲ್ಲ. ಕಾಳಾಚಾರಿ ಎಂದು ಕೊಟ್ಟರೆ ಏನೂ ಇಲ್ಲವೆಂಬ ಉತ್ತರ. ನಮ್ಮ ಊರುಗಳ ಹೆಸರನ್ನು ಆ ಕಾಲದ ಇಂಗ್ಲಿಷ್ ದೊರೆಗಳು ತಮ್ಮ ಕಿವಿಗೆ ಕೇಳಿದಂತೆ ಬರೆದುಕೊಳ್ಳುತ್ತಿದ್ದರು. ಹಲ್ಲಾಬೀಡು, ಹುಲ್ಲಿಬೀಡು ಎಂದೂ ಹುಡುಕಬೇಕು ಎಂದು ರೂಪಾಳಿಗೆ ಹೇಳಿದೆ. "ಊರನ್ನೇ ಹೀಗೆ ಬರೆದೋರು ನಮ್ಮ ಮುತ್ತಾತನ್ನ ಬಿಟ್ಟಿರ್ತಾರಾ ಸರ್?" ಎಂದಳು.

ಅಲ್ಲಿಂದ ಅವಳು ಕಾಳಾಚಾರಿಯನ್ನು ನಾನಾ ಬಗೆಯಲ್ಲಿ ಕೆಡಿಸಿ ಬರೆಯತೊಡಗಿದಳು. ಕಡೆಗೊಂದು ಮಧ್ಯಾಹ್ನ ಪರದೆಯ ಮೇಲೆ ಒಂದು ಚಿತ್ರ ಮೂಡಿತು. ಕೆಳಗೆ ಇಂಗ್ಲಿಷಿನಲ್ಲಿ 'ಹಲ್ಲಾಬೀಡು, ದುರಸ್ತಿ, ಮೇಸ್ತ್ರಿ ಕಲ್ಲಾಚಾರಿ' ಎಂದಿತ್ತು. ಗೋಡೆಯ ಎತ್ತರ ತಿಳಿಯಲೆಂದು ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿದ್ದರು. ಮೊಣಕಾಲಿನ ಮೇಲೆ ಕಟ್ಟಿದ ಪಂಚೆ, ಕೈಯಲ್ಲಿ ಉಳಿ. ಅದೇ ಹೆಸರಿನವರು ಇನ್ನೊಬ್ಬರಿದ್ದಿರಬಹುದು, ಆತುರ ಬೇಡ ಎಂದೆ. ರೂಪಾ ಮುಖವನ್ನು ದೊಡ್ಡದು ಮಾಡಿದಳು. ಎಡ ಹುಬ್ಬಿನ ನಡುವೆ ಬೋಳು ಗೆರೆ. ಅಷ್ಟು ಕಾಲ ಆ ಮನುಷ್ಯ ತಪ್ಪು ಹೆಸರಿನ ಹಿಂದೆ ಕಣ್ಣು ಮಿಟುಕಿಸದೆ ನಿಂತೇ ಇದ್ದ.

ಭಾನುವಾರ ನಾನೂ ಅವಳ ಜೊತೆ ಬಸ್ಸು ಹತ್ತಿದೆ. ಬಾಣಾವರ, ಜಾವಗಲ್ಲು ದಾಟುವವರೆಗೂ ಅವಳು ಫೋನನ್ನು ಮಡಿಲಿನಿಂದ ತೆಗೆಯಲಿಲ್ಲ. ಅಜ್ಜಿ ಬಿಸಿಲು ಬೀಳುವ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಚಿತ್ರದಲ್ಲಿರುವವರು ಯಾರೆಂದು ಹೇಳಿ ಮೊಮ್ಮಗಳು ಫೋನು ಹಿಡಿದಳು. ಅಜ್ಜಿ ಕೈಯನ್ನು ಸೆರಗಿಗೆ ಒರೆಸಿಕೊಂಡು ಎರಡು ಬೆರಳಲ್ಲಿ ಆ ಕೆನ್ನೆ ಸವರಿದರು. ಬೆರಳು ಸರಿದಂತೆ ಮುಖ ಹಿಗ್ಗುತ್ತ ಅವರ ಬಳಿಗೇ ಬಂತು. ಅವರು ಬೆಚ್ಚಿ ಕೈ ತೆಗೆದರು, ಮತ್ತೆ ಮುಟ್ಟಿದರು. ಬಹಳ ಹೊತ್ತು ನೋಡಿದರು.

"ಇನ್ನೂ ಹುಡ್ಗ ಕಣವ್ವ ನಮ್ಮಪ್ಪ," ಎಂದರು. ಆಮೇಲೆ ಮೆಲ್ಲಗೆ, "ಹೊಟ್ಟೆ ಬೆನ್ನಿಗಂಟೈತೆ. ಆವತ್ತು ಉಂಡಿದ್ನೋ ಇಲ್ವೋ."

ಎಂಬತ್ತು ದಾಟಿದ ಮಗಳು, ಇಪ್ಪತ್ತೈದು ಮೀರದ ತಂದೆಗೆ ತಾಯಿಯಾದದ್ದನ್ನು ನಾನು ಅವರ ಎದುರಿಗೇ ಕೂತು ನೋಡಿದೆ. ಇಂಥದಕ್ಕೆ ಸಾಕ್ಷಿಯಾಗುವಷ್ಟು ಪುಣ್ಯ ನಾನೇನು ಮಾಡಿದ್ದೆನೋ ತಿಳಿಯದು. ರೂಪಾ ಪ್ರಬಂಧ ಮುಗಿಸಿ ಈಗ ಬೇಲೂರಿನಲ್ಲಿ ಪಾಠ ಹೇಳುತ್ತಾಳೆ. ಅಜ್ಜಿ ಇಲ್ಲ; ಅವರ ಚಿತ್ರದ ಪಕ್ಕ ಗೋಡೆಯ ಮೇಲೆ ಅವರಪ್ಪನ ಚಿತ್ರವಿದೆ.

ಕಳೆದ ತಿಂಗಳು ಹೊಸ ವಿದ್ಯಾರ್ಥಿಗಳನ್ನು ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆವು. ಎಲ್ಲರೂ ದರ್ಪಣ ಹಿಡಿದವಳ ಮುಂದೆ, ನಾಟ್ಯವಾಡುವವಳ ಮುಂದೆ ನೆರೆದಿದ್ದರು. ಮೊದಲಾದರೆ ನಾನೂ ಅಲ್ಲೇ ಇರುತ್ತಿದ್ದೆ. ಈಗ ಹಿಂಬದಿಯಲ್ಲಿ, ಹಳೆಯ ಕಲ್ಲುಗಳ ನಡುವೆ ದುರಸ್ತಿಯಲ್ಲಿ ಸೇರಿಸಿದ ಒಂದು ಬೋಳು ಕಲ್ಲಿನ ಮುಂದೆ ನಿಂತಿದ್ದೆ. ಗಂಡಸಿ ಊರಿನ ಹುಡುಗಿಯೊಬ್ಬಳು ಬಂದು, "ಇದ್ರಲ್ಲಿ ಕೆತ್ತನೆ ಏನೂ ಇಲ್ವಲ್ಲ ಸರ್?" ಎಂದಳು. ಇದನ್ನು ಇಲ್ಲಿ ಕೂರಿಸಿದವರು ಯಾರಿರಬಹುದು ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಅವಳು ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅಂಗೈ ಇಟ್ಟಳು. ಬಸ್ಸಿನವನು ಹಾರನ್ ಹೊಡೆಯುವವರೆಗೂ ಇಬ್ಬರೂ ಅಲ್ಲೇ ಇದ್ದೆವು.