ಕುರಿ ಮೇಯ್ದ ಬೆಂಕಿ ಲೈನು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಿಕ್ಕನಾಯಕನಹಳ್ಳಿ ಕಡೆಯ ಒಂದು ಗುಡ್ಡಕ್ಕೆ ಫಾರೆಸ್ಟ್ ಗಾರ್ಡ್ ಆಗಿದ್ದೆ. ಬಿಸಿರಕ್ತ, ಮೂಗಿನ ತುದಿಯಲ್ಲೇ ಕೋಪ. ರಿಸರ್ವ್ ಫಾರೆಸ್ಟ್ ಎಂದು ಬೋರ್ಡು ನೆಟ್ಟಿದ್ದ ಆ ಗುಡ್ಡದೊಳಗೆ ಯಾರ ಕುರಿ ಕಾಲಿಟ್ಟರೂ ಹೊಡೆದುಕೊಂಡು ಹೋಗಿ ದೊಡ್ಡಿಗೆ ಕೂಡುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಸಲ ನನ್ನ ಕೈಗೆ ಸಿಕ್ಕಿದ್ದು ಗುಡ್ಡದಡಿಯ ಹಟ್ಟಿಯ ಒಬ್ಬ ಅಜ್ಜಿಯ ಮಂದೆ. ಅವಳೇನು ಸುಮ್ಮನಿರುವವಳೇ? ದೊಡ್ಡಿಯ ಬಾಗಿಲಲ್ಲಿ ನಿಂತು ನನ್ನ ವಂಶವನ್ನೆಲ್ಲ ಜಾಲಾಡುತ್ತಿದ್ದಳು.

ಇಷ್ಟು ಕಾದರೂ ಗುಡ್ಡ ಎರಡು ಬೇಸಿಗೆ ಸಾಲಾಗಿ ಹೊತ್ತಿ ಉರಿಯಿತು. ಎರಡನೆಯ ಸಲ ಬೆಂಕಿ ಆರಿದ ಮೇಲೆ ಒಳಗೆ ಹೋದರೆ, ಪೊದೆಯ ಬುಡದಲ್ಲಿ ಗೌಜಲಹಕ್ಕಿಯ ಮೊಟ್ಟೆಗಳು ಕಪ್ಪಾಗಿ ಒಡೆದು ಬಿದ್ದಿದ್ದವು. ಬಂಡೆ ಸಂದಿನ ಗವಿಯಲ್ಲಿದ್ದ ಕರಡಿ ಊರಿನ ತೋಟಕ್ಕೆ ಇಳಿದು, ಜನರ ಕೈಯಲ್ಲಿ ಪೆಟ್ಟು ತಿಂದು ಸತ್ತಿತು. ಅದನ್ನು ಹೂಳಿದವನು ನಾನೇ. ಆ ದಿನ ಅತ್ತಿದ್ದೇನೆ, ಸುಳ್ಳೇಕೆ ಹೇಳಲಿ.

ರೇಂಜರ್ ಸಾಹೇಬರು ಬಂದು ಬೂದಿಯ ಮೇಲೆ ನಿಂತು ಹೇಳಿದರು: "ನೋಡಯ್ಯಾ, ಇನ್ನೊಂದು ಸಲ ಈ ಗುಡ್ಡ ಹತ್ತಿಕೊಂಡ್ರೆ ನಿನ್ನ ಯೂನಿಫಾರ್ಮ್ ಬಿಚ್ಚಿಸಿ ಮನೆಗೆ ಕಳಿಸ್ತೀನಿ."

ನನ್ನದು ಏನು ತಪ್ಪು? ಪ್ರತಿ ಮಾಗಿಯಲ್ಲೂ ಕೂಲಿಯವರನ್ನು ಕಟ್ಟಿಕೊಂಡು ಗುಡ್ಡದ ಸುತ್ತ ಎರಡು ಗಾಡಿ ಅಗಲ ಹುಲ್ಲು ಕೊಯ್ಸಿ ಬೆಂಕಿ ಲೈನು ಮಾಡಿಸುತ್ತಿದ್ದೆ. ಬೆಂಕಿ ಅಲ್ಲಿಗೆ ಬಂದು ನಿಲ್ಲಬೇಕು. ಅದು ಮಾತ್ರ ನಿಲ್ಲುತ್ತಲೇ ಇರಲಿಲ್ಲ.

ಉರಿದ ಮಾರನೆಯ ದಿನ ಗುಡ್ಡದಡಿಯ ತೆಂಗಿನ ತೋಟದ ಯಜಮಾನರು ನನ್ನನ್ನು ಕರೆದು ತೋರಿಸಿದರು. "ನೋಡಿ ಗಾರ್ಡ್ರೇ, ಬೆಂಕಿ ನಮ್ಮ ಬೇಲಿ ಸುಟ್ಟು ಇಲ್ಲಿಗೆ ಬಂದು ತಣ್ಣಗಾಗೈತೆ. ಒಂದು ಗರಿನೂ ಹೋಗಿಲ್ಲ ಕಣ್ರೀ."

ಬೇಲಿಯ ಒಳಗೆ ನೆಲ ಬೋಳಾಗಿತ್ತು, ಹೆಸರಿಗೂ ಒಂದು ಹುಲ್ಲುಕಡ್ಡಿ ಇಲ್ಲ. ಬರೀ ಕುರಿ ಹಿಕ್ಕೆ. ನಮ್ಮ ಕಡೆ ತೋಟದವರು ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಮಂದೆಯನ್ನು ದಿನಕ್ಕೊಂದು ತೆಂಗಿನ ಸಾಲಿನಂತೆ ತೋಟವೆಲ್ಲ ಸರಿಸಿ ಮೇಯಿಸುತ್ತಾರೆ. ಅಲ್ಲಿ ನಿಂತಿದ್ದು ಅದೇ ಅಜ್ಜಿಯ ಮಂದೆ. ಅವಳು ತೆಂಗಿನ ಸಾಲಿನ ಆಚೆಯಿಂದ ನನ್ನನ್ನು ನೋಡಿ ನಕ್ಕಳು.

"ಏನ್ ಗಾರ್ಡಪ್ಪ, ನಿನ್ನ ಲೈನು ನೋಡಿದ್ರೆ ನಗು ಬತ್ತದೆ. ಹುಲ್ಲು ಕುಯ್ದು ಅಲ್ಲೇ ಹಾಸಿ ಬತ್ತೀಯ. ಅದು ಒಣಗಿ ತರಗಾಯ್ತದೆ. ಬೆಂಕಿಗೆ ಚಾಪೆ ಹಾಸಿ ಕರೆದಂಗಾಯ್ತು ಬುಡು."

ಮುಖಕ್ಕೆ ಹೊಡೆದ ಹಾಗಾಯಿತು. ಏಕೆಂದರೆ ನಿಜ. ಕೊಯ್ದ ಹುಲ್ಲನ್ನು ಹೊರಗೆ ಒಯ್ಯಲು ಬಿಟ್ಟರೆ ಕಳ್ಳತನವಾಗುತ್ತದೆಂದು ಕೂಲಿಯವರ ಕೈಯಲ್ಲಿ ಒಂದು ಹಿಡಿಯೂ ಹೊರಗೆ ಹೋಗದ ಹಾಗೆ ಕಾದವನು ನಾನೇ! ಕಾಡು ಕಾಯುವ ಹುಮ್ಮಸ್ಸಿನಲ್ಲಿ ಕಾಡಿಗೆ ಸೌದೆ ಒಟ್ಟಿದ್ದೆ.

ಮುಂದಿನ ಮಾಗಿಯಲ್ಲಿ ಹಟ್ಟಿಗೆ ಹೋಗಿ ಅವಳ ಅಂಗಳದಲ್ಲಿ ಕೂತೆ. "ಅಜ್ಜಿ, ನಿನ್ನ ಕುರಿ ಬೇಕು" ಅಂದೆ.

"ದೊಡ್ಡಿಗೋ?"

"ಲೈನಿಗೆ. ತೋಟದ ಸಾಲಿನ ಹಾಗೆ ದಿನಕ್ಕಿಷ್ಟು ಮೇಯಿಸ್ಕೊಂಡು ಗುಡ್ಡ ಸುತ್ತು ಹಾಕು. ಆದರೆ ಲೈನು ದಾಟಿ ಒಂದು ಮರಿನೂ ಒಳಗೆ ಹೋಗಕೂಡದು. ಹೊಸ ಹುಲ್ಲು ಚಿಗುರಲಿ ಅಂತ ಯುಗಾದಿಗೆ ಮುಂಚೆ ನಿಮ್ಮವರು ಗುಡ್ಡಕ್ಕೆ ಬೆಂಕಿ ಇಡೋದೂ ನಿಲ್ಲಬೇಕು."

ಅವಳು ಎಲೆಅಡಿಕೆ ಬಾಯಿಗೆ ಹಾಕಿಕೊಂಡಳು. "ನಿಮ್ ಸಾಯೇಬ್ರು ಕಂಡ್ರೆ?"

"ನನ್ನ ಕೆಲಸ ಹೋಗುತ್ತೆ, ಇನ್ನೇನು."

"ಅಂಗಾದ್ರೆ ಬತ್ತೀನಿ" ಅಂದಳು, ಪಾಪಿ.

ಮಂದೆ ಲೈನಿನುದ್ದಕ್ಕೂ ಹೊರಟಿತು. ಹಿಂದೆ ಹಿಂದೆ ನಾನು. ಶಿವರಾತ್ರಿ ಹೊತ್ತಿಗೆ ಗುಡ್ಡದ ಸುತ್ತ ನೆಲ ತೋಟದ ಹಾಗೇ ಬೋಳಾಯಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಗವಿಯ ಬಳಿ ಹೊಸ ಕರಡಿಯೊಂದು ಬೆನ್ನ ಮೇಲೆ ಎರಡು ಮರಿ ಕೂರಿಸಿಕೊಂಡು ಹೋದದ್ದನ್ನು ಕಂಡೆ. ಅಂದಿನಿಂದ ನನಗೆ ಯೂನಿಫಾರ್ಮಿನ ಚಿಂತೆ ಹೋಗಿ ಆ ಮರಿಗಳ ಚಿಂತೆ ಹತ್ತಿತು.

ಯುಗಾದಿಗೆ ಮುಂಚೆ, ಒಂದು ಮಧ್ಯಾಹ್ನ, ಹೊಲದಲ್ಲಿ ಯಾರೋ ಹಚ್ಚಿದ ಕಸದ ಬೆಂಕಿ ಕೈಮೀರಿ ಗುಡ್ಡದ ಕಡೆ ನುಗ್ಗಿತು. ನಾನು ಓಡಿ ಬರುವಷ್ಟರಲ್ಲಿ ಆಳೆತ್ತರ ಉರಿ. ಆಗ ನೋಡಿ, ಹಟ್ಟಿಯೇ ಎದ್ದು ಬಂತು! ಗಂಡಸರು, ಹೆಂಗಸರು, ಎಲ್ಲರ ಕೈಯಲ್ಲೂ ಹಸಿ ಹೊಂಗೆ ಕೊಂಬೆ. ಉರಿ ಲೈನಿನ ಅಂಚಿಗೆ ಬಂತು, ನೆಲದಲ್ಲಿ ತಿನ್ನಲು ಏನೂ ಸಿಗಲಿಲ್ಲ, ಕುಗ್ಗಿತು. ಹಾರಿದ ಕಿಡಿಗಳನ್ನು ಜನ ಬಡಿದು ಬಡಿದು ನಂದಿಸಿದರು. ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಗುಡ್ಡದ ಒಂದು ಕಡ್ಡಿಯೂ ಸುಡಲಿಲ್ಲ. ನಾನು ಹುಚ್ಚನ ಹಾಗೆ ಕೂಗಿದೆ, ಕುಣಿದೆ. ಹಟ್ಟಿಯವರೂ ನಕ್ಕು ನಕ್ಕು ಸುಸ್ತಾದರು.

ಮಾರನೆಯ ದಿನ ರೇಂಜರ್ ಸಾಹೇಬರು ಬಂದರು. ಒಂದು ಕಡೆ ಸುಟ್ಟು ಕರಿಯಾದ ನೆಲ, ಒಂದು ಕಡೆ ಕಾಡು, ನಡುವೆ ಹಿಕ್ಕೆ. ಬೂಟಿನಿಂದ ಅದನ್ನು ಕೆದಕಿ ನನ್ನ ಮುಖ ನೋಡಿದರು. "ರಿಸರ್ವ್‌ನಲ್ಲಿ ಕುರಿ ಬಿಟ್ಟಿದ್ದು ಯಾರಯ್ಯಾ?"

"ನಾನೇ ಸರ್" ಅಂದೆ. ತಲೆ ತಗ್ಗಿಸಲಿಲ್ಲ.

ಅವರು ಲೈನಿನುದ್ದಕ್ಕೂ ಒಂದು ಫರ್ಲಾಂಗ್ ನಡೆದುಹೋಗಿ ಹಿಂದಿರುಗಿದರು. "ಪಕ್ಕದ ಗುಡ್ಡದ ಗಾರ್ಡಿಗೂ ಹೇಳಿಕೊಡು" ಎಂದು ಜೀಪು ಹತ್ತಿದರು. ಅಷ್ಟೇ.

ಜೀಪಿನ ಧೂಳು ಇನ್ನೂ ಇಳಿದಿರಲಿಲ್ಲ, ಬಂಡೆಯಾಚೆ ಅಜ್ಜಿಯ ಗಂಟಲು ಕೇಳಿಸಿತು. ಪಕ್ಕದ ಊರಿನ ಕುರಿಯವನೊಬ್ಬ ಲೈನು ದಾಟಿಸಿ ಮಂದೆಯನ್ನು ಒಳಗೆ ಬಿಡುತ್ತಿದ್ದ. ಅವಳು ಕೋಲೆತ್ತಿ ಅಡ್ಡ ನಿಂತಿದ್ದಳು.

"ಲೇ, ತಿರುಗಿಸ್ಲಾ ಕುರಿಯ! ಮರಿ ಹಾಕಿರೋ ಕರಡಿ ಐತೆ ಒಳಗೆ. ಇದು ನಮ್ ಗುಡ್ಡ ಕಣ್ಲಾ!"

ನಾನು ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ.