ದಾಳಿಂಬೆ ಸಿಪ್ಪೆಯ ಪುಡಿ

ಭದ್ರಾವತಿ ಬಸ್ ಸ್ಟ್ಯಾಂಡಿನ ಹತ್ತಿರದ ಒಂದು ಜ್ಯೂಸ್ ಅಂಗಡಿಯಿಂದ ನಾನು ಆಗಾಗ ದಾಳಿಂಬೆ ಸಿಪ್ಪೆ ಒಯ್ಯುತ್ತಿದ್ದೆ. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ನನ್ನ ಪಿಎಚ್‌ಡಿ ಕೆಲಸ ಅದರ ಮೇಲೆಯೇ ನಡೆಯುತ್ತಿತ್ತು. ಅನ್ನದ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವವನ್ನು ಸಿಪ್ಪೆಯ ಒಗರು ಪದಾರ್ಥ ತಡೆಯುತ್ತದೆಯೇ ಎಂದು ನೋಡುತ್ತಿದ್ದೆ. ತಡೆಯುತ್ತಿತ್ತು, ಆದರೆ ಗಾಜಿನ ನಳಿಕೆಯಲ್ಲಿ ಮಾತ್ರ.

ಅಂಗಡಿಯವರು ಐವತ್ತು ದಾಟಿದವರು. ಒಂದು ದಿನ, "ತಿಪ್ಪೆಗೆ ಹಾಕೋದನ್ನ ಹೊತ್ಕೊಂಡು ಹೋಗ್ತೀರಲ್ಲ ಮೇಡಂ, ಏನ್ಮಾಡ್ತೀರಿ?" ಎಂದು ಕೇಳಿದರು. ನನ್ನ ಬಸ್ ಹೊರಡುತ್ತಿತ್ತು. "ಶುಗರ್‌ಗೆ ಒಳ್ಳೇದು ಅಣ್ಣ" ಎಂದಷ್ಟೇ ಹೇಳಿ ಓಡಿದೆ.

ಆಮೇಲೆ ಪರೀಕ್ಷೆ ಕೆಲಸದಲ್ಲಿ ಮೂರು ವಾರ ಆ ಕಡೆ ಹೋಗಲಾಗಲಿಲ್ಲ. ಹೋದಾಗ ಮಿಕ್ಸಿಯ ಪಕ್ಕ ಕಂದು ಪುಡಿಯ ಪೊಟ್ಟಣಗಳಿದ್ದವು. ಮೇಲೆ ರಟ್ಟಿನ ಬೋರ್ಡು: 'ಸಕ್ಕರೆ ಕಾಯಿಲೆಗೆ ಸಿಪ್ಪೆ ಪುಡಿ. ಯೂನಿವರ್ಸಿಟಿ ಮೇಡಂ ಹೇಳಿದ್ದು.'

ನಾನು ಒಂದು ಪೊಟ್ಟಣ ಕೈಗೆತ್ತಿಕೊಂಡೆ.

"ಇದನ್ನ ಯಾರ್ಯಾರಿಗೆ ಕೊಟ್ಟಿದೀರಿ?"

"ಸುಮಾರು ಜನಕ್ಕೆ. ಮಲವಗೊಪ್ಪದ ಸ್ಕೂಲಲ್ಲಿ ಅಡುಗೆ ಮಾಡೋ ಅಮ್ಮ ಒಬ್ರು ಸೋಮವಾರ ತಗೊಂಡ್ರು. ಪಾಪ, ದಿನಾ ಎರಡು ಹೊತ್ತು ಇನ್ಸುಲಿನ್. ಇನ್ನು ಸೂಜಿ ಬಿಟ್ಟೇ ಬಿಡ್ತೀನಿ ಅಂತ ಖುಷಿಯಾಗಿ ಹೋದ್ರು."

ಅಂದು ಗುರುವಾರ. ಇನ್ಸುಲಿನ್ ಬಿಟ್ಟರೆ ಜೀವವೇ ಹೋಗಬಹುದೆಂದು ಅಂಗಡಿಯವರಿಗೆ ಹೇಳಿದೆ. ಬೋರ್ಡನ್ನು ಕಿತ್ತೆಸೆದು ಷಟರ್ ಎಳೆದರು. ಅವರ ಸ್ಕೂಟರಿನ ಹಿಂದೆ ಕೂತು ಮಲವಗೊಪ್ಪಕ್ಕೆ ಹೊರಟೆ. ದಾರಿಯುದ್ದಕ್ಕೂ ಆಕೆಯ ಬಗ್ಗೆ ಹೆದರಿದೆ ಎಂದರೆ ಅರ್ಧ ಸತ್ಯ. ನನ್ನ ಪಿಎಚ್‌ಡಿ ಏನಾಗುತ್ತದೋ, ಪೊಲೀಸರು ಬರುತ್ತಾರೋ ಎಂದೂ ಹೆದರಿದೆ.

ಶಾಲೆಯಲ್ಲಿ, "ಅವರು ಎರಡು ದಿನದಿಂದ ಬಂದಿಲ್ಲ, ವಾಂತಿಯಂತೆ" ಎಂದು ಮನೆ ತೋರಿಸಿದರು.

ಆಕೆ ಚಾಪೆಯ ಮೇಲೆ ಮಲಗಿದ್ದರು. ನಲವತ್ತರ ಆಸುಪಾಸು. ಓಡಿ ಬಂದವರಂತೆ ಏದುಸಿರು, ಬಾಯಿಂದ ಕೊಳೆತ ಹಣ್ಣಿನ ವಾಸನೆ. ಅವರ ನಾದಿನಿ ಕೈಯಲ್ಲಿ ಲೋಟ ಹಿಡಿದು, "ಪಿತ್ತ ಆಗಿದೆ ಅಂತ ಲಿಂಬೆ ಶರಬತ್ತು ಕುಡಿಸ್ತಾ ಇದೀನಿ" ಎಂದರು.

"ಅಯ್ಯೋ, ಬೇಡ ಮಾರಾಯ್ತಿ, ಸಕ್ಕರೆ ಅದು!" ಎಂದು ಕಿರುಚಿಬಿಟ್ಟೆ.

ಆಟೋದಲ್ಲಿ ಶಿವಮೊಗ್ಗಕ್ಕೆ ಕರೆದೊಯ್ದೆವು. ನನ್ನ ಭುಜಕ್ಕೆ ಒರಗಿದ್ದ ಆ ತಲೆ ಪ್ರತಿ ಹಳ್ಳಕ್ಕೂ ವಾಲುತ್ತಿತ್ತು. ಉಸಿರು ಇದೆಯೇ ಎಂದು ಮತ್ತೆ ಮತ್ತೆ ಮೂಗಿನ ಬಳಿ ಬೆರಳಿಟ್ಟು ನೋಡಿದೆ. ಆಸ್ಪತ್ರೆಯಲ್ಲಿ ಡಾಕ್ಟರ್, "ಇನ್ಸುಲಿನ್ ಬಿಡೋಕೆ ಯಾರು ಹೇಳಿದ್ದು?" ಎಂದು ಗದರಿದರು.

"ಪುಡಿ ಮಾರಿದ್ದು ನಾನು ಸಾರ್" ಎಂದರು ಅಂಗಡಿಯವರು. ಆಗಷ್ಟೇ ನನಗೆ ಬಾಯಿ ಬಂತು. "ಒಳ್ಳೇದು ಅಂತ ಹೇಳಿದ್ದು ನಾನು."

ಆಕೆ ಬದುಕಿದರು. ಮೂರನೆಯ ದಿನ ಐಸಿಯುನಿಂದ ವಾರ್ಡಿಗೆ ಹಾಕಿದ ಮೇಲೆ ನೋಡಲು ಹೋಗಿ ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ಹಾಗಾದ್ರೆ ಆ ಸಿಪ್ಪೇಲಿ ಏನೂ ಇಲ್ವೇನಮ್ಮ?"

"ಇದೆ. ಆದ್ರೆ ಮನುಷ್ಯರಿಗೆ ಎಷ್ಟು ಕೊಡಬೇಕು, ಕೊಟ್ರೆ ಏನಾಗುತ್ತೆ, ಒಂದೂ ನಮಗೆ ಗೊತ್ತಿಲ್ಲ. ಇನ್ಸುಲಿನ್ ಬದಲಿಗಂತೂ ಅಲ್ಲವೇ ಅಲ್ಲ."

"ಅವತ್ತೇ ಇಷ್ಟು ಹೇಳಿದ್ರೆ ಆಗ್ತಿತ್ತಲ್ಲ" ಎಂದು ಆಕೆ ಮಗ್ಗುಲಾದರು.

ಮುಂದಿನ ಎರಡು ವಾರ ದಿನವೂ ಬೆಳಿಗ್ಗೆ ಆ ಅಂಗಡಿಯ ಮುಂದೆ ನಿಂತೆ. ಪುಡಿ ಒಯ್ದವರು ಒಬ್ಬೊಬ್ಬರಾಗಿ ಬಂದಾಗ ಅಂಗಡಿಯವರು ಕರೆದು ನಿಲ್ಲಿಸುತ್ತಿದ್ದರು. ಮಾತ್ರೆ ಬಿಟ್ಟಿದ್ದೀರಾ ಎಂದು ನಾನು ಕೇಳುತ್ತಿದ್ದೆ. ಕೊನೆಗೆ ಒಬ್ಬರು ಮಾತ್ರ ಸಿಗಲಿಲ್ಲ. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ ಮುದುಕರು, ಒಟ್ಟಿಗೆ ನಾಲ್ಕು ಪೊಟ್ಟಣ ಕೊಂಡು ತರೀಕೆರೆ ಬಸ್ ಹತ್ತಿದ್ದರಂತೆ. ಹೆಸರು, ಊರು ಯಾವುದೂ ಗೊತ್ತಿಲ್ಲ. ಅವರು ಮತ್ತೆ ಆ ಅಂಗಡಿಗೆ ಬರಲೇ ಇಲ್ಲ.