ಎರಡು ಜೊತೆ ಕಣ್ಣು

ಹಕ್ಕಿ ನೋಡುವುದಕ್ಕೂ ಒಂದು ಕಾಯಿದೆ ಇರುತ್ತದೆ ಎಂಬುದು ಪೋಸ್ಟ್‌ಮನ್ ಸಂಜೀವಯ್ಯನಿಗೆ ತಿಳಿದದ್ದು ಎಪ್ಪತ್ತೆರಡನೇ ಇಸವಿಯಲ್ಲಿ. ಅದಕ್ಕೆ ಮುಂಚೆ ಅವನೂ ಎಲ್ಲರಂತೆ, ಕಂಡರೆ ಕಂಡಿತು ಇಲ್ಲದಿದ್ದರೆ ಇಲ್ಲ ಎಂದು ಜಯನಗರದ ಬೀದಿಗಳಲ್ಲಿ ಸೈಕಲ್ ತುಳಿಯುತ್ತಿದ್ದವನು. ನಾಲ್ಕನೇ ಬ್ಲಾಕಿನ ಪರಮಶಿವಯ್ಯ ಮೇಷ್ಟ್ರ ಮನೆಗೆ ತಿಂಗಳಿಗೊಂದು ಸಲ ಹಕ್ಕಿಗಳ ಪತ್ರಿಕೆ ಬರುತ್ತಿತ್ತು. ಸುತ್ತಿದ ಕಾಗದದ ಸಂದಿಯಿಂದ ಅದರ ಚಿತ್ರಗಳನ್ನು ಇಣುಕುತ್ತಿದ್ದ ಪೋಸ್ಟ್‌ಮನ್ ಒಂದು ದಿನ ಗೇಟಿನ ಬಳಿಯೇ ಮೇಷ್ಟ್ರ ಕೈಗೆ ಸಿಕ್ಕಿಬಿದ್ದ. ಅವರು ಬೈಯಲಿಲ್ಲ. "ಭಾನುವಾರ ಬಾರಯ್ಯ, ನಿಜವಾದ್ದನ್ನೇ ತೋರಿಸ್ತೀನಿ" ಎಂದರು.

ಹಾಗೆ ಹೋದವನು ಮತ್ತೆ ಭಾನುವಾರ ಮನೆಯಲ್ಲಿ ನಿಲ್ಲಲಿಲ್ಲ. ವಿಜ್ಞಾನ ಕಲಿಸಿ ರಿಟೈರಾಗಿದ್ದ ಈ ಮೇಷ್ಟ್ರು, ಬ್ಯಾಂಕಿನ ವೆಂಕಟಾಚಲ, ಇನ್ನೂ ಇಬ್ಬರು ಮೂವರು ಸೇರಿ ಒಮ್ಮೆ ಲಾಲ್‌ಬಾಗು, ಒಮ್ಮೆ ತಲಘಟ್ಟಪುರದ ಕಡೆಯ ಕೆರೆಗಳು ಎಂದು ಅಲೆಯುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ಹೋಗುತ್ತಿದ್ದದ್ದು ಇಟ್ಟಮಡುವಿನ ಆಚೆಯ ಬೋರನಕಟ್ಟೆಗೆ. ಕಟ್ಟೆ ಎಂದರೆ ಸಣ್ಣ ಕೆರೆ. ಏರಿಯ ಮೇಲೆ ನಾಲ್ಕು ಹೊಂಗೆಮರ, ಏರಿಯ ಕೆಳಗೆ ಭತ್ತದ ಗದ್ದೆ. ಗದ್ದೆ ಮುನಿಯಕ್ಕನದು. ಭಾನುವಾರ ಬೆಳಗ್ಗೆ ದುರ್ಬೀನು ನೇತುಹಾಕಿಕೊಂಡು ಬರುವ ಈ ಗಂಡಸರನ್ನು ಕಂಡರೆ ಅವಳಿಗೆ ನಗು, ಸ್ವಲ್ಪ ಕನಿಕರವೂ ಇರಬೇಕು. ಚೊಂಬಿನ ತುಂಬ ಮಜ್ಜಿಗೆ ತಂದುಕೊಡುತ್ತಿದ್ದಳು. ರಜೆಯ ದಿನವೂ ಖಾಕಿ ಪ್ಯಾಂಟಿನಲ್ಲೇ ಬರುತ್ತಿದ್ದ ಸಂಜೀವಯ್ಯ ಅವಳ ಬಾಯಲ್ಲಿ ಪೋಸ್ಟಣ್ಣನಾದ.

ಇನ್ನು ಕಾಯಿದೆಯ ಮಾತು. ಮೇಷ್ಟ್ರ ಬಳಿ ಉದ್ದನೆಯ ಒಂದು ರಿಜಿಸ್ಟರ್ ಇತ್ತು. ಯಾವ ಕೆರೆಯಲ್ಲಿ ಯಾವ ದಿನ ಯಾವ ಹಕ್ಕಿ ಕಂಡಿತು ಎಂದು ಅದರಲ್ಲಿ ಬರೆಯುವುದು. ಆದರೆ ಹಕ್ಕಿಯನ್ನು ಇಬ್ಬರು ಕಂಡಿರಬೇಕು, ಇಬ್ಬರೂ ರುಜು ಹಾಕಬೇಕು. ಒಬ್ಬನೇ ಕಂಡದ್ದು, ಅವನು ಎಷ್ಟೇ ದೊಡ್ಡ ಮನುಷ್ಯನಾಗಲಿ, ರಿಜಿಸ್ಟರಿಗೆ ಏರುವ ಹಾಗಿಲ್ಲ. "ಎರಡು ಜೊತೆ ಕಣ್ಣು ಬೇಕಪ್ಪ" ಎನ್ನುತ್ತಿದ್ದರು ಮೇಷ್ಟ್ರು. ಸಂಜೀವಯ್ಯನಿಗೆ ಈ ಕಾಯಿದೆ ಬಹಳ ಹಿಡಿಸಿತು. ಅವನ ಇಲಾಖೆಯಲ್ಲೂ ಹಾಗೆಯೇ. ಮನಿಯಾರ್ಡರಿಗೆ ಹೆಬ್ಬೆಟ್ಟು ಒತ್ತಿದರೆ ಸಾಲದು, ಪಕ್ಕದಲ್ಲಿ ಓದುಬರಹ ಬಲ್ಲವರೊಬ್ಬರ ಸಾಕ್ಷಿ ರುಜು ಬೇಕು.

ಹಿಡಿಸಿದ ಕಾಯಿದೆಯೇ ಅವನ ಕುತ್ತಿಗೆಗೆ ಬಂದದ್ದು ಎಪ್ಪತ್ತೈದರ ಜನವರಿಯಲ್ಲಿ. ಉಳಿದವರು ಬಸ್ಸಿನಲ್ಲಿ ಬರುವವರು, ಇವನು ಸೈಕಲ್ಲಿನವನು. ಅವತ್ತು ಅರ್ಧ ಗಂಟೆ ಮುಂಚೆಯೇ ಕಟ್ಟೆ ತಲುಪಿ ಹೊಂಗೆಮರದ ಬುಡದಲ್ಲಿ ಕುಳಿತ. ನೀರಿನ ಮೇಲೆ ಮಂಜು. ಹಣೆಗೆ ಬಿಳಿ ನಾಮವಿದ್ದ ಕರಿಯ ನಾಮದಕೋಳಿಗಳು ಎಂದಿನಂತೆ ಜಗಳವಾಡುತ್ತಿದ್ದವು. ಮಂಜು ಸ್ವಲ್ಪ ಸರಿದಾಗ ಅವುಗಳ ನಡುವೆ ದೊಡ್ಡದೊಂದು ಹಕ್ಕಿ ತೇಲುತ್ತಿರುವುದು ಕಂಡಿತು. ಬೂದಿ ಬಣ್ಣದ ಮೈ, ಹಳದಿ ಕೊಕ್ಕು. ಬೆಳ್ಳಗಿನ ತಲೆಯ ಹಿಂದೆ ಎರಡು ಕಪ್ಪು ಅಡ್ಡಪಟ್ಟೆ, ಒಂದರ ಕೆಳಗೊಂದು. ಮೇಷ್ಟ್ರ ಪತ್ರಿಕೆಯಲ್ಲಿ ನೋಡಿದ್ದ ಪಟ್ಟೆತಲೆ ಬಾತು! ಹಿಮಾಲಯದ ಆಚೆಯಿಂದ, ಆ ಬೆಟ್ಟಗಳ ನೆತ್ತಿ ದಾಟಿ ಬರುವ ಹಕ್ಕಿ. ಅದು ಇಟ್ಟಮಡುವಿನ ಪಕ್ಕದಲ್ಲಿ, ಎಮ್ಮೆ ಮೈತೊಳೆಯುವ ನೀರಿನಲ್ಲಿ, ಏನೂ ಆಗಿಲ್ಲವೆಂಬಂತೆ ತೇಲುತ್ತಿದೆ. ಸಂಜೀವಯ್ಯನ ಕಣ್ಣಲ್ಲಿ ನೀರು ಬಂತು. ಯಾಕೆ ಬಂತೆಂದು ಅವನಿಗೂ ಗೊತ್ತಿರಲಿಲ್ಲ. ಅಷ್ಟು ದೂರದಿಂದ ಬಂದದ್ದನ್ನು ಎದುರುಗೊಳ್ಳಲು ತಾನೊಬ್ಬನೇ ಇದ್ದೇನಲ್ಲ ಎನ್ನಿಸಿತ್ತು, ಅಷ್ಟೆ.

ಒಬ್ಬನೇ! ಆಗ ನೆನಪಾಯಿತು ಕಾಯಿದೆ. ಸೈಕಲ್ಲನ್ನೂ ಮರೆತು ಬಸ್ಸಿನ ರಸ್ತೆಯ ಕಡೆಗೆ ಓಡಿದ. ಮೇಷ್ಟ್ರನ್ನೂ ವೆಂಕಟಾಚಲನನ್ನೂ ಕೈಹಿಡಿದು ಎಳೆದುಕೊಂಡು ಬರುವ ಹೊತ್ತಿಗೆ ನೀರಿನ ಮೇಲೆ ನಾಮದಕೋಳಿಗಳನ್ನು ಬಿಟ್ಟರೆ ಏನೂ ಇರಲಿಲ್ಲ. ದಡವನ್ನೆಲ್ಲ ದುರ್ಬೀನಿನಲ್ಲಿ ಜಾಲಾಡಿದರು. ಏರಿಯ ಕೆಳಗಿನಿಂದ ಮಜ್ಜಿಗೆಯ ಚೊಂಬು ಹಿಡಿದು ಹತ್ತಿಬಂದ ಮುನಿಯಕ್ಕ, "ಏನ್ ಕಳ್ಕೊಂಡ್ರಿ ಪೋಸ್ಟಣ್ಣ, ಎಲ್ರೂ ಹಿಂಗೆ ಹುಡುಕ್ತಾ ಇದೀರಿ?" ಎಂದಳು.

"ಏನಿಲ್ಲ ಬಿಡಕ್ಕ, ನಿಂಗೆ ತಿಳಿಯೋದಲ್ಲ" ಎಂದ ಸಂಜೀವಯ್ಯ, ದುರ್ಬೀನನ್ನು ಕಣ್ಣಿನಿಂದ ಇಳಿಸದೆಯೇ.

ವೆಂಕಟಾಚಲ ಕೆಟ್ಟವನಲ್ಲ, ನಾಲಿಗೆ ಸ್ವಲ್ಪ ಚುರುಕು. "ಯಾರದೋ ಮನೇಲಿ ಸಾಕಿದ ಬಾತುಕೋಳಿ ಇರ್ಬೇಕು ಗುರು. ಅದರ ತಲೆ ಮೇಲೆ ನೀನು ಸ್ಟಾಂಪ್ ಹೊಡೆದುಬಿಟ್ಟಿದ್ದೀಯ" ಎಂದ. ಎಲ್ಲರೂ ನಕ್ಕರು. ಮೇಷ್ಟ್ರು ಮಾತ್ರ ನಗದೆ, "ಸಂಜೀವಯ್ಯ ಸುಳ್ಳು ಹೇಳೋನಲ್ಲ. ಆದ್ರೂ ನಾನು ಬರೆಯೋ ಹಾಗಿಲ್ಲವಲ್ಲಪ್ಪ" ಎಂದರು. ನಕ್ಕವರಿಗಿಂತ ಆ ಮಾತು ಹೆಚ್ಚು ನೋಯಿಸಿತು.

ಅಲ್ಲಿಂದ ಶುರುವಾಯಿತು ನೋಡಿ ಹುಡುಕಾಟ. ಪ್ರತಿ ಚಳಿಗಾಲವೂ ಸಂಜೀವಯ್ಯ ಬೋರನಕಟ್ಟೆಗೆ ಹೋಗಿ ಕುಳಿತ. ಮಂಜು ಸರಿಯುವಾಗೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು, ಸರಿದ ಮೇಲೆ ಅದೇ ನಾಮದಕೋಳಿ. ಬೇರೆ ಕೆರೆಗಳಲ್ಲಿ ಬೇರೆ ಬಾತುಗಳು ಕಂಡವು. ಅವಕ್ಕೆಲ್ಲ ರುಜು ಹಾಕಿದ, ಸಂತೋಷವಾಗಲಿಲ್ಲ. ಕಾಗದ ಹಂಚುವಾಗಲೂ ಆಕಾಶದ ಕಡೆಯೇ ಕಣ್ಣು. ಒಮ್ಮೆ ಒಂಬತ್ತನೇ ಬ್ಲಾಕಿನಲ್ಲಿ ನಿಂತ ಹಸುವಿಗೆ ಸೈಕಲ್ ಗುದ್ದಿದ. "ಬಾತು ಬೇಕಾದ್ರೆ ಸಂತೇಲಿ ಒಂದು ತಂದು ಕಟ್ಕೊಳ್ಳಿ, ಭಾನುವಾರಕ್ಕಾದ್ರೂ ಮನೇಲಿರ್ತೀರಿ" ಎಂದು ಹೆಂಡತಿ ನೀಲಗಂಗಮ್ಮ ರೇಗಿದಳು. ಅವಳ ತಪ್ಪೇನಿಲ್ಲ. ಎಂದೋ ಹತ್ತು ನಿಮಿಷ ಕಂಡು ಹೋದದ್ದಕ್ಕಾಗಿ ಹಂಬಲಿಸುವ ಗಂಡನೊಂದಿಗೆ ಬಾಳುವುದು ಸುಲಭವೆ?

ಎಂಬತ್ಮೂರರಲ್ಲಿ ಮೇಷ್ಟ್ರು ತೀರಿಕೊಂಡರು. ಹದಿನಾಲ್ಕನೇ ದಿನ ಅವರ ಮಗಳು ಜಯಶೀಲಾ ರಿಜಿಸ್ಟರನ್ನು ತಂದು ಸಂಜೀವಯ್ಯನ ಕೈಗಿಟ್ಟು, "ನಿಮಗೇ ಕೊಡ್ಬೇಕು ಅಂದಿದ್ರು ಅಪ್ಪ" ಎಂದಳು. ಅವನು ಮೊದಲು ತೆರೆದದ್ದು ಎಪ್ಪತ್ತೈದರ ಜನವರಿಯ ಪುಟ. ಆ ಭಾನುವಾರ ಕಂಡ ಹಕ್ಕಿಗಳು ಒಂದರಿಂದ ಹತ್ತೊಂಬತ್ತರವರೆಗೆ ಸಾಲಾಗಿದ್ದವು. ಇಪ್ಪತ್ತು ಎಂದು ಸಂಖ್ಯೆ ಹಾಕಿ ಮುಂದಿನ ಸಾಲನ್ನು ಮೇಷ್ಟ್ರು ಖಾಲಿ ಬಿಟ್ಟಿದ್ದರು. ಎಂಟು ವರ್ಷದಿಂದ ಅವನಿಗಾಗಿ ಒಂದು ಸಾಲು ಕಾಯುತ್ತಿತ್ತು, ಅವರು ಒಂದು ಮಾತೂ ಹೇಳಿರಲಿಲ್ಲ. ಸಂಜೀವಯ್ಯ ಮೇಷ್ಟ್ರ ಮನೆಯ ಜಗಲಿಯ ಮೇಲೆಯೇ ಕುಳಿತು ಅತ್ತ.

ಆಮೇಲೆ ಗುಂಪು ಚದುರಿತು. ವೆಂಕಟಾಚಲನಿಗೆ ಹುಬ್ಬಳ್ಳಿಗೆ ವರ್ಗವಾಯಿತು, ಉಳಿದವರಿಗೆ ಮೊಣಕಾಲು ನೋವು. ಕುಮಾರಸ್ವಾಮಿ ಲೇಔಟಿನ ಕಡೆ ಮನೆಗಳೆದ್ದವು. ಎಂಬತ್ತಾರರಲ್ಲಿ ಬೋರನಕಟ್ಟೆಯ ಏರಿಯನ್ನು ಒಡೆದು, ನೀರು ಹರಿಸಿ, ಮಣ್ಣು ತುಂಬಿದರು. ಗದ್ದೆಗಳಲ್ಲಿ ಸೈಟಿನ ಕಲ್ಲು ನೆಟ್ಟರು. ನೀರಿಲ್ಲದ ಕೆರೆಗೆ ಸಂಜೀವಯ್ಯ ಯಾಕೆ ಹೋಗುತ್ತಿದ್ದ ಎಂದು ನನ್ನನ್ನು ಕೇಳಬೇಡಿ. ಹೋಗುತ್ತಿದ್ದ. ಅಂಚೆಯ ಹಳೆಯ ಚೀಲದಲ್ಲಿ ರಿಜಿಸ್ಟರ್, ಚೀಲದ ತಳದಲ್ಲಿ ಎಂದಿನಂತೆ ಹೆಬ್ಬೆಟ್ಟಿನ ಇಂಕ್‌ಪ್ಯಾಡು.

ಎಂಬತ್ತೇಳರ ಜನವರಿಯ ಒಂದು ಭಾನುವಾರ ಅಲ್ಲಿನ ಹೊಸ ಬಸ್‌ಸ್ಟಾಪಿನ ಬಳಿ ಮುನಿಯಕ್ಕ ಸಿಕ್ಕಳು. ಗದ್ದೆ ಹೋದ ಮೇಲೆ ಅಲ್ಲಿ ಕುಳಿತು ಮಜ್ಜಿಗೆ, ಸೌತೆಕಾಯಿ ಮಾರುತ್ತಿದ್ದಳು. ತಲೆ ಪೂರ್ತಿ ನೆರೆತಿತ್ತು. ಲೋಟ ಅವನ ಕೈಗಿಟ್ಟು, "ಇನ್ನೂ ಏನ್ ಹುಡುಕ್ತೀಯಪ್ಪ ಈ ಮಣ್ಣಲ್ಲಿ?" ಎಂದು ಕೇಳಿದಳು.

ಈ ಸಲ ಅವನು ಹೇಳಿದ. ಹೇಳಲು ಬೇರೆ ಯಾರೂ ಉಳಿದಿರಲಿಲ್ಲ, ಅದಕ್ಕೇ ಹೇಳಿದ. "ಒಂದು ದೊಡ್ಡ ಬಾತು ಅಕ್ಕ. ಹನ್ನೆರಡು ವರ್ಷ ಆಯ್ತು. ಮಂಜು ಬಿದ್ದ ದಿನ..."

"ತಲೆ ಮೇಲೆ ಎರಡು ಕರಿ ಪಟ್ಟೆ ಇತ್ತಲ್ಲ, ಅದಾ?" ಎಂದಳು ಮುನಿಯಕ್ಕ.

ಸಂಜೀವಯ್ಯ ಲೋಟವನ್ನು ಪಕ್ಕಕ್ಕಿಟ್ಟು ಅವಳ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತ.

"ಹಾಳಾದ್ದು! ನೀನು ರಸ್ತೆ ಕಡೆ ಓಡಿದ್ಯಲ್ಲ, ಅದು ನೀರಿಂದೆದ್ದು ಏರಿ ದಾಟಿ ನನ್ನ ಒಟ್ಲಿಗೆ ಇಳೀತು. ನಾಟಿಗೆ ಅಂತ ಬಿಟ್ಟಿದ್ದ ಭತ್ತದ ಪೈರು, ಎಳೇ ಸುಳಿಯೆಲ್ಲ ಕುರಿ ಮೇದಂಗೆ ಮೇಯ್ತಿತ್ತು. ಮಣ್ಣು ಹೆಂಟೆ ತಗೊಂಡು ಎಸೆದೆ ನೋಡು, ಕೊಂಯ್ ಅಂತ ಕೂಗ್ಕೊಂಡು ತಲಘಟ್ಟಪುರದ ಕಡೆ ಹೋಯ್ತು. ನಾಲ್ಕು ಹೆಂಟೆ ಎಸೆದೆ."

"ಅವತ್ತೇ ಯಾಕೆ ಹೇಳ್ಲಿಲ್ಲ ಮುನಿಯಕ್ಕ?"

"ಕೇಳಿದ್ನಲ್ಲಪ್ಪ, ಏನ್ ಕಳ್ಕೊಂಡ್ರಿ ಅಂತ. ನಂಗೆ ತಿಳಿಯೋದಲ್ಲ ಅಂದೆ ನೀನು."

ಸಂಜೀವಯ್ಯ ತಲೆ ತಗ್ಗಿಸಿದ. ತನ್ನ ಕಣ್ಣನ್ನು ಯಾರೂ ನಂಬಲಿಲ್ಲವೆಂದು ಹನ್ನೆರಡು ವರ್ಷ ಕೊರಗಿದ್ದ. ಎರಡನೇ ಜೊತೆ ಕಣ್ಣು ಪ್ರತಿ ಭಾನುವಾರ ಮಜ್ಜಿಗೆ ಹಿಡಿದು ಎದುರಿಗೇ ನಿಂತಿತ್ತು. ಅದರ ಕತ್ತಿನಲ್ಲಿ ದುರ್ಬೀನು ಇರಲಿಲ್ಲವೆಂದು ಅವನು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ವೆಂಕಟಾಚಲ ನಕ್ಕದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಅವನಿಗೆ ಅನ್ನಿಸಿತು.

"ನನ್ನದು ತಪ್ಪಾಯ್ತಕ್ಕ" ಎಂದ. ಚೀಲದಿಂದ ರಿಜಿಸ್ಟರ್ ತೆಗೆದು ಪುಟ ಬಿಡಿಸಿದ. ಇಪ್ಪತ್ತನೇ ಸಾಲಿನಲ್ಲಿ ಪಟ್ಟೆತಲೆ ಬಾತು, ಒಂದು ಎಂದು ಬರೆದು ರುಜು ಹಾಕಿದ. ಇಂಕ್‌ಪ್ಯಾಡು ತೆರೆದ. ಮುನಿಯಕ್ಕ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಅವನ ರುಜುವಿನ ಪಕ್ಕದಲ್ಲಿ ಗಟ್ಟಿಯಾಗಿ ಒತ್ತಿದಳು. ಇಷ್ಟು ವರ್ಷ ಹೆಬ್ಬೆಟ್ಟಿಗೆ ರುಜುವಿನ ಸಾಕ್ಷಿ ಕೇಳಿದವನು, ಇವತ್ತು ತನ್ನ ರುಜುವಿಗೆ ಹೆಬ್ಬೆಟ್ಟಿನ ಸಾಕ್ಷಿ ಪಡೆದ.

ಸಾಲು ತುಂಬಿದರೆ ಹಂಬಲ ತೀರುತ್ತದೆ ಎಂದುಕೊಂಡಿದ್ದ. ತೀರಲಿಲ್ಲ. ನಾಲ್ಕು ಜನ ನಂಬಲಿ ಎನ್ನುವುದು ತನ್ನ ಆಸೆಯೇ ಆಗಿರಲಿಲ್ಲ, ಆ ಹಕ್ಕಿಯನ್ನು ಇನ್ನೊಂದು ಸಲ ನೋಡಬೇಕಿತ್ತು ಎಂಬುದು ಅವನಿಗೆ ಈಗ ತಿಳಿಯಿತು. ಶಾಯಿ ಆರಲಿ ಎಂದು ಪುಟವನ್ನು ಬಿಸಿಲಿಗೆ ಹಿಡಿದುಕೊಂಡು ಕುಳಿತ.

"ಇನ್ನೊಂದ್ ಸಲ ಬಂದ್ರೆ ನಾನು ಹೆಂಟೆ ಎಸಿಯಲ್ಲ ಪೋಸ್ಟಣ್ಣ, ದೇವರಾಣೆ" ಎಂದಳು ಮುನಿಯಕ್ಕ. ಎದುರಿನ ಸೈಟುಗಳ ಕಡೆ ನೋಡಿದಳು. "ಆದ್ರೆ ಅಷ್ಟು ದೂರದಿಂದ ಬಂದು ಇಲ್ಲಿ ಏನ್ ತಿಂತದೆ, ಪಾಪ?"